ಗುಳಿಗಿ ಹೆಚ್ಚ್ಯಾವ

ಕಂಪ್ಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಚಳಿ ಅಂದರೆ ಏನು ಗೊತ್ತು? ನಮ್ಮೂರಲ್ಲಿ ಹೊಳೆ, ಗದ್ದೆ, ಕಬ್ಬು, ಬಾಳೆ. ಚಳಿಗಾಲವೆಂದರೆ ಫ್ಯಾನಿನ ವೇಗ ಸ್ವಲ್ಪ ಕಡಿಮೆ ಮಾಡುವ ಕಾಲ, ಅಷ್ಟೆ. ಮದುವೆಯಾಗಿ ಸಂಡೂರಿನ ಗುಡ್ಡಗಳ ನಡುವಿನ ಈ ಊರಿಗೆ ಬಂದ ಮೊದಲ ಪುಷ್ಯಮಾಸದಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದೆ, ಅಂಗಳವೇ ಇರಲಿಲ್ಲ. ಬರೀ ಮಂಜು. ರಂಗೋಲಿ ಹಾಕಲು ಕೂತರೆ ಬೆರಳು ಮಡಚಲು ಬರಲಿಲ್ಲ. ಹೊಸ ಸೊಸೆ ಅನ್ನುವುದನ್ನೂ ಮರೆತು ಅಲ್ಲೇ ಕೂತು ಅತ್ತುಬಿಟ್ಟೆ.

ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಒಳಗಿಂದ ಬಂದು ನೋಡಿದಳು.

"ಏನಾತs ಕಂಪ್ಲಿಯಾಕಿ? ಚಳಿ ಕಚ್ಚಿತೇನ?"

ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಎಮ್ಮೆಯ ಕೊರಳ ಕೆಳಗೆ ಜೋತುಬಿದ್ದ ಚರ್ಮದಡಿಗೆ ನನ್ನೆರಡು ಕೈಗಳನ್ನೂ ತುರುಕಿದಳು. ಅಬ್ಬಾ, ಎಂಥ ಬಿಸಿ! "ನಮ್ಮೂರ ಹೀಟರ್ ಇದ. ಕರೆಂಟ್ ಹೋದ್ರೂ ನಡೀತೈತಿ" ಅಂದಳು. ಅಳುತ್ತಲೇ ನಕ್ಕೆ. ಅವತ್ತಿನಿಂದ ಅವಳು ನನಗೆ ಅಕ್ಕ, ನಾನು ಅವಳಿಗೆ ಕಂಪ್ಲಿಯಾಕಿ. ಕೊನೆಯವರೆಗೂ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ.

ಅಕ್ಕನ ಗಂಡ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ನನ್ನ ಗಂಡ ಅದಿರಿನ ಲಾರಿ ಓಡಿಸುತ್ತಾನೆ, ಬೆಳಗಾದರೆ ಹೊರಡುವವನು ಕತ್ತಲಾದರೆ ಬರುವವನು. ಮನೆಯ ಹಿಂದಿನ ಕಾಲು ಎಕರೆ ನೆಲ ಹಾಗಾಗಿ ನಮ್ಮಿಬ್ಬರದೇ. ಎರಡೂ ಕಡೆ ಗುಡ್ಡ, ನಡುವೆ ಬಟ್ಟಲಿನಂಥ ತಗ್ಗು. ರಾತ್ರಿಯಿಡೀ ಗುಡ್ಡದ ಚಳಿ ಇಳಿದುಬಂದು ಆ ತಗ್ಗಿನಲ್ಲಿ ನಿಲ್ಲುತ್ತದೆ. ಹಿಮ ಬೀಳುವುದಿಲ್ಲ, ನೀರು ಗಟ್ಟಿಯಾಗುವುದಿಲ್ಲ, ನಿಜ. ಆದರೆ ನೆಲದೊಳಗಿನ ಬೀಜಕ್ಕೆ ಅದೆಲ್ಲ ಬೇಕಾಗಿಲ್ಲ. ನೆಲ ತಣ್ಣಗಾಯಿತೋ, ಮೊಳೆಯುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಊರಿನವರು ಜೋಳ ಕೊಯ್ದ ಮೇಲೆ ನೆಲ ಬಿಟ್ಟು ಗಣಿ ಕಡೆ ಕೂಲಿಗೆ ಹೋಗುತ್ತಿದ್ದರು. ಅಕ್ಕ ಮಾತ್ರ ಬಿಟ್ಟವಳಲ್ಲ. ಹನ್ನೆರಡು ತಿಂಗಳೂ ಹಿತ್ತಿಲು ಹಸಿರಾಗಿರಬೇಕು ಅನ್ನುವುದು ಅವಳ ಹಟ. ಮಳೆಗಾಲದಲ್ಲಿ ಯಾರಾದರೂ ಬೆಳೆಯುತ್ತಾರೆ, ಚಳಿಯಲ್ಲಿ ಬೆಳೆದು ತೋರಿಸಬೇಕು ಅನ್ನುತ್ತಿದ್ದಳು.

ಅವಳಿಂದ ಕಲಿತದ್ದೇ ನನ್ನ ಬೇಸಾಯವೆಲ್ಲ. ಚಳಿಗಾಲದಲ್ಲಿ ಸಂಜೆ ನೀರು ಹಾಯಿಸಬಾರದು. ಬಿಸಿಲು ಬಿದ್ದ ಮೇಲೆ, ಬಾವಿಯಿಂದ ಆಗ ತಾನೇ ಸೇದಿದ ನೀರನ್ನೇ ಹಾಕಬೇಕು, ಬಾವಿಯ ನೀರಿಗೆ ಬೆಚ್ಚಗಿನ ಗುಣವಿರುತ್ತದೆ. ಮಡಿಗಳ ಬಡಗಣ ಅಂಚಿಗೆ ದೊಡ್ಡ ಕಲ್ಲು ಸಾಲಾಗಿಡಬೇಕು, ಹಗಲು ಕುಡಿದ ಬಿಸಿಲನ್ನು ಅವು ರಾತ್ರಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಮೆಂತ್ಯ, ಸಬ್ಬಸಿಗೆ, ಮೂಲಂಗಿಗೆ ಭತ್ತದ ಹುಲ್ಲಿನ ಹೊದಿಕೆ ಸಾಕು. ಬದನೆ, ಟೊಮ್ಯಾಟೊ ಸಸಿಗಳಿಗೆ ಬಿದಿರಿನ ದಬ್ಬೆ ಬಗ್ಗಿಸಿ ನೆಟ್ಟು ಅದರ ಮೇಲೆ ಹಳೆಯ ಸೀರೆ ಹೊದಿಸಬೇಕು, ಹೊತ್ತು ಮುಳುಗುವುದಕ್ಕೆ ಮೊದಲು ಹೊದಿಸಿ, ಮಂಜು ಹರಿದ ಮೇಲೆ ತೆಗೆಯಬೇಕು. ನನ್ನ ಮದುವೆಯ ಸೀರೆಯೊಂದನ್ನು ಬಿಟ್ಟು ಮನೆಯ ಸೀರೆಗಳೆಲ್ಲ ಒಂದಲ್ಲ ಒಂದು ಚಳಿಗಾಲದಲ್ಲಿ ಬದನೆ ಗಿಡ ಉಟ್ಟಿವೆ. ದಾರಿಯಲ್ಲಿ ಹೋಗುವವರು "ಏನ್ರೀ, ನಿಮ್ಮ ಗಿಡಕ್ಕ ಸೀಮಂತ ಐತೇನ್ರಿ?" ಅಂತ ಕೇಳುತ್ತಿದ್ದರು. "ಹೌದ್ರಿ, ಬರ್ರಿ, ಬಳಿ ತೊಡಸ್ರಿ" ಅನ್ನುವಳು ಅಕ್ಕ.

ಹೀರೆಬೀಜದ ಕೆಲಸ ಮಾತ್ರ ಅವಳೊಬ್ಬಳದೇ. ಹೀರೆಗೆ ಚಳಿಯೆಂದರೆ ಆಗುವುದೇ ಇಲ್ಲ. ಆದರೆ ಪುಷ್ಯದಲ್ಲೇ ಮೊಳಕೆ ಬಂದರೆ ಯುಗಾದಿ ಹೊತ್ತಿಗೆ, ಬೇರೆ ಯಾರ ಮನೆಯಲ್ಲೂ ಇಲ್ಲದಾಗ, ಕಾಯಿ ಸಿಗುತ್ತದೆ. ಒಲೆಯ ಪಕ್ಕ ಇಟ್ಟರೆ ನಡುರಾತ್ರಿಗೆ ಒಲೆ ಆರಿಹೋಗುತ್ತದೆ. ಅಕ್ಕ ಬೀಜ ನೆನೆಸಿ, ಒದ್ದೆ ಅರಿವೆಯಲ್ಲಿ ಗಂಟು ಕಟ್ಟಿ, ಸೀರೆಯ ಉಡಿಯೊಳಗೆ ಹೊಟ್ಟೆಗೆ ತಾಗುವಂತೆ ಸಿಕ್ಕಿಸಿಕೊಳ್ಳುತ್ತಿದ್ದಳು. ಹಗಲು ರಾತ್ರಿ ಅದು ಅಲ್ಲೇ. ಬಗ್ಗುವಾಗ, ಮಲಗುವಾಗ, ಒಂದು ಕೈ ಅದರ ಮೇಲಿರುತ್ತಿತ್ತು.

"ನಾ ಬಸರಾಗಲಿಲ್ಲ ಅಂತ ಮಂದಿ ಅಂತಾರ. ವರ್ಷಾ ಹೀರಿಕಾಯಿ ಹಡೀತೀನಲ್ಲ, ಅದನ್ಯಾಕ ಲೆಕ್ಕಕ್ಕ ಹಿಡಿಯೂದಿಲ್ಲ?" ಅಂದು ತಾನೇ ಜೋರಾಗಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ, ಬೇರೆ ಮಾತು ತೆಗೆಯುತ್ತಿದ್ದೆ.

ಇನ್ನು ಅವಳ ಬಾಯಿಯ ವಿಷಯ. "ಇಲ್ಲ" ಅನ್ನುವ ಮಾತು ಅಕ್ಕನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಉಪ್ಪು ಮುಗಿದರೆ "ಉಪ್ಪು ಹೆಚ್ಚೈತಿ", ಅಕ್ಕಿ ತೀರಿದರೆ "ಅಕ್ಕಿ ಹೆಚ್ಚ್ಯಾವ". ಬಳೆ ಒಡೆದರೂ ಹೆಚ್ಚಿತು, ಕುಂಕುಮ ತೀರಿದರೂ ಹೆಚ್ಚಿತು. ನಮ್ಮ ಕಡೆ ಹಿರಿಯರು ಹಾಗೆಯೇ ಅನ್ನುವುದು. ತುಂಬಿದ ಮನೆಯಲ್ಲಿ ನಿಂತು ಇಲ್ಲ ಅನ್ನಬಾರದು, ಅಂದರೆ ಅದೇ ನಿಲ್ಲುತ್ತದೆ ಅನ್ನುವ ಭಯ. ಕಂಪ್ಲಿಯಲ್ಲಿ ನಮ್ಮ ಅಜ್ಜಿಯೂ ಅನ್ನುತ್ತಿದ್ದಳು, ಆದರೆ ಅಕ್ಕಿ, ಉಪ್ಪು, ಕುಂಕುಮಕ್ಕೆ ಮಾತ್ರ. ಅಕ್ಕ ಎಲ್ಲದಕ್ಕೂ ಅನ್ನುವಳು. ಸೋಪು ಹೆಚ್ಚೈತಿ, ಸೀಮೆಎಣ್ಣೆ ಹೆಚ್ಚೈತಿ, ಮೊಬೈಲಿನ ಕರೆನ್ಸಿ ಹೆಚ್ಚೈತಿ. ಒಮ್ಮೆ ನನ್ನ ಗಂಡ "ವೈನಿ, ಲಾರಿಯಾಗ ಡೀಸೆಲ್ ಹೆಚ್ಚೈತಿ, ದಾರ್‍ಯಾಗ ನಿಂತೀನಿ" ಅಂತ ಫೋನ್ ಮಾಡಿ ಅವಳನ್ನು ಅಣಕಿಸಿದ್ದ. ಅವಳು ನಗಲಿಲ್ಲ. "ಹಂಗs ಅನ್ನಬೇಕಪಾ, ಚಲೋ ಅಂದಿ" ಅಂದಳು.

ಊರಿಗೆ ತಿಂಗಳಿಗೊಮ್ಮೆ ಒಬ್ಬಳು ನರ್ಸಮ್ಮ ಬರುತ್ತಿದ್ದಳು. ಕೇರಳದವಳು, ಚಿಕ್ಕ ವಯಸ್ಸು, ಮನೆಮನೆಗೆ ನಡೆದು ಬೀಪಿ ನೋಡಿ ಮಾತ್ರೆ ಕೊಡುತ್ತಿದ್ದಳು. ಅಕ್ಕನಿಗೂ ಬೀಪಿ ಇತ್ತು, ದಿನಾ ಒಂದು ಗುಳಿಗೆ. ನರ್ಸಮ್ಮ ಕಲಿತ ಕನ್ನಡ ಪುಸ್ತಕದ್ದು, ನಮ್ಮ ಮಾತು ಅರ್ಧ ತಿಳಿಯದು. "ನಿಮ್ಮ ಕನ್ನಡದಲ್ಲಿ ನನಗೆ ಮೊದಲು ಬಂದ ಮಾತು 'ಇಲ್ಲ'. ನಮ್ಮ ಭಾಷೆಯಲ್ಲಿಯೂ ಇಲ್ಲ ಅಂದರೆ ಇದೇ ಅರ್ಥ" ಅಂತ ಒಮ್ಮೆ ಜಗುಲಿಯಲ್ಲಿ ಕೂತು ಹೇಳಿದ್ದಳು. "ಅಯ್ಯ, ಕಲ್ತು ಕಲ್ತು ಅದನ್ನs ಕಲ್ತಿಯೇನವ್ವಾ" ಅಂತ ಅಕ್ಕ ಬೈದಿದ್ದಳು. ಎಲ್ಲರೂ ನಕ್ಕಿದ್ದೆವು.

ಹೋದ ಚಳಿಗಾಲ ನನಗೆ ಕೈತುಂಬ ಕೆಲಸ. ಹಂಪಿಯ ಕಡೆ ಚಳಿಗಾಲದಲ್ಲೇ ಪರದೇಶದವರು ಬರುವುದು, ಅಲ್ಲಿನ ಹೋಟೆಲಿನವರಿಗೆ ಹಸಿಯಾಗಿ ತಿನ್ನುವ ಲೆಟಿಸ್ ಸೊಪ್ಪು ಬೇಕು. ಅಲ್ಲೇ ಪಕ್ಕದ ಕಮಲಾಪುರದ ಬಿಸಿಲಿಗೆ ಅದು ಕಹಿಯಾಗಿ ಹೂ ಬಿಟ್ಟುಬಿಡುತ್ತದೆ, ನಮ್ಮ ತಗ್ಗಿನ ಚಳಿಗೆ ಚೆನ್ನಾಗಿ ಬರುತ್ತದೆ. ಜೀವನದಲ್ಲಿ ಮೊದಲ ಸಲ ಈ ಹಾಳು ಚಳಿ ನಮಗೆ ಉಪಕಾರಕ್ಕೆ ಬಂದಿತ್ತು. "ಬೇಯಿಸಲಾರದ ತಿಂತಾರಂತ? ಅವರೇನ ಮನಷ್ಯಾರೊ, ನಮ್ಮ ಎಮ್ಮಿ ಬಳಗಾನೊ?" ಅಂತ ಅಕ್ಕ ಬಾಯಿ ಮುಚ್ಚಿ ನಗುತ್ತಿದ್ದಳು. ಆದರೂ ಒಂದೊಂದು ಎಲೆಯನ್ನೂ ಮಗುವಿನ ತಲೆ ಸವರಿದಂತೆ ಒರೆಸಿ ಬುಟ್ಟಿಗೆ ಹಾಕುವಳು. ದಿನ ಬಿಟ್ಟು ದಿನ ಬೆಳಗಿನ ಬಸ್ಸು ಹಿಡಿದು ನಾನು ಹೊಸಪೇಟೆಗೆ, ಅಲ್ಲಿಂದ ಹಂಪಿಗೆ. ವಾಪಸ್ಸು ಬರುವಾಗ ಸಂಜೆ. ಅಷ್ಟರಲ್ಲಿ ಅಕ್ಕ ಒಬ್ಬಳೇ ಎಲ್ಲ ಮಡಿಗೂ ಸೀರೆ ಹೊದಿಸಿ ಮುಗಿಸಿರುತ್ತಿದ್ದಳು.

ಎಳ್ಳಮಾಸೆ ಕಳೆದು ಚಳಿ ಇನ್ನೂ ಜೋರಾಯಿತು. ಅಕ್ಕ ತಲೆ ಭಾರ ಅನ್ನತೊಡಗಿದಳು. ಶೀತವಿರಬೇಕು ಅಂತ ಮೆಣಸಿನ ಕಷಾಯ ಮಾಡಿಕೊಟ್ಟೆ. "ಗುಳಿಗಿ ತಗೊಂಡಿ?" ಅಂತ ಕೇಳಿದರೆ "ಹ್ಞೂಂ ನಡಿ, ಹೊತ್ತಾತು, ಬಸ್ಸು ಹೋಗ್ತೈತಿ" ಅನ್ನುವಳು. ಒಂದು ಸಂಜೆ ನಾನು ಬಂದಾಗ ಮನೆಯ ಬಾಗಿಲು ತೆರೆದಿತ್ತು, ಹಿತ್ತಿಲಲ್ಲಿ ಅರ್ಧ ಮಡಿಗಳಿಗಷ್ಟೇ ಸೀರೆ ಹೊದಿಸಿತ್ತು. ಅಕ್ಕ ಬದನೆ ಮಡಿಯ ಪಕ್ಕ, ಒಂದು ಸೀರೆಯ ಸೆರಗು ಕೈಯಲ್ಲಿ ಹಿಡಿದುಕೊಂಡೇ ಬಿದ್ದಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ನಾನು ಕೂಗಿದ ಕೂಗಿಗೆ ಓಣಿಯೇ ಓಡಿಬಂತು.

ಸಂಡೂರಿನಲ್ಲಿ ನೋಡಿ ಬಳ್ಳಾರಿಗೆ ಕಳಿಸಿದರು. ಲಕ್ವ ಹೊಡೆದಿದೆ, ತಲೆಯೊಳಗೆ ರಕ್ತನಾಳ ಒಡೆದಿದೆ ಅಂದರು ಡಾಕ್ಟರು. ಬೀಪಿ ಮಾತ್ರೆ ನಿಲ್ಲಿಸಿದ್ದರೇ ಅಂತ ಕೇಳಿದರು. ನಾನು ಜೋರು ಮಾಡಿದೆ: "ಯಾಕ ನಿಲ್ಲಸ್ತಾರ್ರಿ? ದಿನಾ ತಗೊಂತಾರ!" ಗಂಡ ಊರಿಗೆ ಹೋಗಿ ಅಕ್ಕನ ಗುಳಿಗೆ ಡಬ್ಬಿ ತಂದ. ಒಳಗೆ ಖಾಲಿ ಪಟ್ಟಿಗಳನ್ನು ಮಡಚಿ ಮಡಚಿ ಇಟ್ಟಿದ್ದಳು. ಒಂದೂ ಗುಳಿಗೆ ಇರಲಿಲ್ಲ.

ನೋಡಲು ಬಂದ ಪಕ್ಕದ ಮನೆಯ ಅಜ್ಜಿಯಿಂದ ಸಂಗತಿ ತಿಳಿಯಿತು. ಹಿಂದಿನ ತಿಂಗಳು, ನಾನು ಹಂಪಿಗೆ ಹೋಗಿದ್ದ ದಿನ, ನರ್ಸಮ್ಮ ಬಂದಾಗ ಅಜ್ಜಿಯೂ ನಮ್ಮ ಜಗುಲಿಯಲ್ಲೇ ಕೂತಿದ್ದಳಂತೆ.

"ಮಾತ್ರೆ ಇದೆಯಾ ದೊಡ್ಡಮ್ಮ ಅಂತ ಕೇಳಿದ್ಲವ್ವಾ. ಇಕಿ, ಗುಳಿಗಿ ಹೆಚ್ಚ್ಯಾವ್ರಿ ಅಂದ್ಲು. ಭಾಳ ಒಳ್ಳೇದಾಯ್ತು ದೊಡ್ಡಮ್ಮ ಅಂದು ನಕ್ಕೋತ ಹೊಂಟುಹೋದ್ಲು ಆಕಿ."

"ಕೊಡಲಿಲ್ಲೇನು?"

"ಕೊಡಲಿಲ್ಲ. ನಾನೂ ಕೇಳಿದೆ, ಯಾಕ ಕೊಡಲಿಲ್ಲಲ್ಲs ಅಂತ. ಇರಲಿ ಬಿಡಬೆ, ಬಸರಿ ಹೆಂಗಸು, ಎಷ್ಟಂತ ಹೊತ್ತು ತರ್ತಾಳ, ಮುಂದಿನ ತಿಂಗಳ ಕೊಡ್ತಾಳ ಅಂದ್ಲು ನಿಮ್ಮಕ್ಕ."

ಮುಂದಿನ ತಿಂಗಳು ನರ್ಸಮ್ಮ ಬರಲಿಲ್ಲ. ಹೆರಿಗೆ ರಜೆಗೆ ತನ್ನ ಊರಿಗೆ ಹೋಗಿದ್ದಳು.

ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಹೇಳಲಿ? ಮನೆಯಲ್ಲೇ ಲಾರಿಯವನಿದ್ದಾನೆ, ದಿನಾ ಸಂಡೂರು ದಾಟುತ್ತಾನೆ, ಒಂದು ಪಟ್ಟಿ ಗುಳಿಗೆ ತಂದುಕೊಡು ಅಂದಿದ್ದರೆ ಏನಾಗುತ್ತಿತ್ತು! ಆಸ್ಪತ್ರೆ ಮಂಚದ ಪಕ್ಕ ನಿಂತು, ಮಾತು ಬಾರದ ಅವಳನ್ನೇ ಬೈದೆ. "ಇಲ್ಲ ಅನ್ನಾಕ ಏನಾಗಿತ್ತು ನಿನಗ? ಇಲ್ಲ ಅಂದಿದ್ರ ಆಕಿಗೆ ತಿಳೀತಿತ್ತಲ್ಲ! ಒಂದು ಸಲ ಬಾಯಿ ಬಿಟ್ಟು ಇಲ್ಲ ಅನ್ನಬಾರದಿತ್ತಾ?" ಅಕ್ಕ ಕಣ್ಣು ಪಿಳಿಪಿಳಿ ಬಿಟ್ಟಳು. ಕಣ್ಣಿನ ಮೂಲೆಯಲ್ಲಿ ನೀರು ಇಳಿಯಿತು. ಸೆರಗಿನಿಂದ ಒರೆಸಿ, ಅವಳ ಕೈ ಹಿಡಿದು, ಮತ್ತೆ ಬೈದೆ, ಮತ್ತೆ ಅತ್ತೆ.

ಅವಳ ಎಡಗೈ ಒಂದೇ ಅಲ್ಲಾಡುತ್ತಿತ್ತು. ಅದು ಪದೇ ಪದೇ ಹೊಟ್ಟೆಯ ಕಡೆ ಹೋಗಿ ಏನನ್ನೋ ತಡಕುತ್ತಿತ್ತು. ಹೊಟ್ಟೆನೋವು ಇರಬೇಕೆಂದು ವಾರ್ಡಿನ ಆಯಾ ಅವಳ ಕೈಯನ್ನು ತೆಗೆದು ಪಕ್ಕಕ್ಕಿಡುವಳು, ಮತ್ತೆ ಅಲ್ಲಿಗೇ ಹೋಗುವುದು. ನನಗೆ ತಟ್ಟನೆ ಹೊಳೆಯಿತು. ಆಸ್ಪತ್ರೆಯವರು ಅವಳ ಸೀರೆಯನ್ನು ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು, ಮಂಚದ ಕೆಳಗೇ ಇತ್ತು. ಬಿಚ್ಚಿ ನೋಡಿದೆ. ಮಡಿಕೆಯೊಳಗೆ ಆ ಅರಿವೆಯ ಗಂಟು. ಇನ್ನೂ ತುಸು ಒದ್ದೆ ಇತ್ತು. ಒಳಗಿನ ಹೀರೆಬೀಜಗಳೆಲ್ಲ ಬಿರಿದು ಬಿಳಿಯ ಮೊಳಕೆ ಬಂದಿತ್ತು.

ಗಂಟನ್ನು ಅವಳ ಅಂಗೈಯಲ್ಲಿಟ್ಟೆ. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಗಂಟನ್ನು ನನ್ನ ಕೈಗೆ ತುರುಕಿ, ನನ್ನ ತೋಳನ್ನು ಬಾಗಿಲ ಕಡೆಗೆ ನೂಕಿದಳು.

"ನಾ ಎಲ್ಲೂ ಹೋಗೂದಿಲ್ಲ. ಬೀಜ ಹಾಳಾಗಿ ಹೋಗಲಿ" ಅಂದೆ.

ಮತ್ತೆ ನೂಕಿದಳು. ಎಷ್ಟು ಬಲವಿತ್ತೋ ಆ ಒಂದು ಕೈಗೆ! ಕಣ್ಣಲ್ಲೇ ಗದರಿಸಿದಳು, ಮಡಿಗೆ ಸೀರೆ ಹೊದಿಸಲು ತಡಮಾಡಿದರೆ ಗದರಿಸುತ್ತಿದ್ದಳಲ್ಲ, ಹಾಗೆ. ಗಂಡ "ನಾ ಇರ್ತೀನಿ ನಡಿ. ಹಾಕಿ ಬಂದುಬಿಡು, ಆಕಿ ಸಮಾಧಾನಕ್ಕರ ಹಾಕು" ಅಂದ. ಸಂಜೆಯ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಗಂಟು ನನ್ನ ಉಡಿಯಲ್ಲಿತ್ತು, ಹೊಟ್ಟೆಗೆ ತಾಗಿಕೊಂಡು.

ಬೆಳಿಗ್ಗೆ ಮಂಜು ಹರಿದ ಮೇಲೆ ಕಲ್ಲಿನ ಸಾಲಿನ ಪಕ್ಕ ಗುಣಿ ಮಾಡಿದೆ. ಮೊಳಕೆ ಮುರಿಯದಂತೆ ಒಂದೊಂದನ್ನೇ ಇಟ್ಟು, ಹುಡಿಗೊಬ್ಬರ ಮುಚ್ಚಿ, ಬಾವಿಯ ಬೆಚ್ಚಗಿನ ನೀರು ಚಿಮುಕಿಸಿದೆ. ಅಕ್ಕನದೇ ಸೀರೆ ಹೊದಿಸಿದೆ. ಕೈಯ ಮಣ್ಣು ಇನ್ನೂ ತೊಳೆದಿರಲಿಲ್ಲ, ಫೋನ್ ಬಂತು. ಗಂಡ ಅಳುವುದು ಕೇಳಿಸಿತು. ಎಮ್ಮೆಯ ಹತ್ತಿರ ಹೋಗಿ ಅದರ ಕೊರಳಿಗೆ ಮುಖವಿಟ್ಟು ನಿಂತುಬಿಟ್ಟೆ.

ಆಮೇಲೆ ಮನೆಯಲ್ಲಿ "ಹೆಚ್ಚೈತಿ" ಅನ್ನುವ ಮಾತನ್ನೇ ನಾನು ನಿಲ್ಲಿಸಿಬಿಟ್ಟೆ. ಉಪ್ಪು ಇಲ್ಲ, ಅಕ್ಕಿ ಇಲ್ಲ, ಎಣ್ಣೆ ಮುಗಿದಿದೆ, ಹೀಗೇ ಅನ್ನಬೇಕು. ಗಂಡನ ಬಾಯಲ್ಲಿ ಒಮ್ಮೆ ಅಭ್ಯಾಸಬಲದಿಂದ "ಸಕ್ಕರಿ ಹೆಚ್ಚೈತಿ" ಅಂತ ಬಂದಾಗ ಡಬ್ಬಿ ಎತ್ತಿ ಒಗೆದೆ. ಅವನು ಡಬ್ಬಿ ಎತ್ತಿಕೊಂಡು ಅಂಗಡಿಗೆ ಹೋದ. ನರ್ಸಮ್ಮನ ಮೇಲೂ ಸಿಟ್ಟು ಸೇರಿಸಿಟ್ಟುಕೊಂಡಿದ್ದೆ. ನಮ್ಮ ನಡುವೆ ಬಂದು ಕೆಲಸ ಮಾಡುವವಳಿಗೆ ನಮ್ಮ ಮಾತು ತಿಳಿಯಬಾರದೇ? ಬರಲಿ, ಬಂದಾಗ ಮುಖದ ನೀರಿಳಿಸುತ್ತೇನೆ ಅಂತ ಮಡಿಗೆ ಸೀರೆ ಹೊದಿಸುವಾಗೆಲ್ಲ ಬೈಗುಳ ಕಟ್ಟುತ್ತಿದ್ದೆ.

ಹೀರೆ ಬಳ್ಳಿ ಮಾತ್ರ ತನ್ನ ಪಾಡಿಗೆ ಬೆಳೆಯಿತು. ಚಳಿ ಇಳಿಯಿತು, ಬಳ್ಳಿ ಚಪ್ಪರಕ್ಕೆ ಹತ್ತಿತು, ಸಂಜೆ ಹೊತ್ತು ಹಳದಿ ಹೂ ಬಿಟ್ಟಿತು. ಯುಗಾದಿ ಹೊತ್ತಿಗೆ ಕಾಯಿ. ಮೊದಲ ಕಾಯಿ ಕೊಯ್ದು ಪಲ್ಯ ಮಾಡಿದೆ, ನನಗೂ ಗಂಡನಿಗೂ ತಿನ್ನಲಾಗಲಿಲ್ಲ. ಎಮ್ಮೆಗೆ ಹಾಕಿದೆವು.

ಹಬ್ಬ ಕಳೆದ ಮೇಲೆ ಒಂದು ದಿನ ಕಾಯಿ ಕೊಯ್ಯುತ್ತಿದ್ದೆ. ಬೇಲಿಯ ಆಚೆಯಿಂದ ದನಿ ಬಂತು.

"ಅಕ್ಕಾ, ಚೆನ್ನಾಗಿದ್ದೀರಾ? ದೊಡ್ಡಮ್ಮ ಇದ್ದಾರಾ?"

ನರ್ಸಮ್ಮ. ರಜೆ ಮುಗಿಸಿ ಬಂದಿದ್ದಳು. ಮುಖ ಬಾಡಿತ್ತು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ನಮ್ಮ ಮನೆಯೇ ಊರಿನ ಮೊದಲ ಮನೆ, ಇನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ. ಕಟ್ಟಿಟ್ಟುಕೊಂಡಿದ್ದ ಬೈಗುಳವೆಲ್ಲ ಬಾಯಿಯವರೆಗೆ ಬಂತು. ನಾನು ನೆಟ್ಟಗೆ ನಿಂತು, ಅಕ್ಕನಿಗೆ ಯಾವ ಮಾತು ಹೇಳು ಹೇಳು ಅಂತ ಬಡಕೊಂಡಿದ್ದೆನೋ ಅದೇ ಮಾತು ಹೇಳಿದೆ.

"ಇಲ್ರಿ. ಅಕ್ಕ ಇಲ್ಲ."

"ಅಯ್ಯೋ, ಇಲ್ಲವಾ? ಸಂತೆಗೆ ಹೋದರಾ?" ಅಂದಳು ನಗುತ್ತಾ. ಚೀಲದೊಳಗೆ ಕೈಹಾಕಿ, "ಪರವಾಗಿಲ್ಲ, ಬಂದ ಮೇಲೆ ಕೊಡಿ. ನಾನು ಇಲ್ಲದೆ ಅವರಿಗೆ ತೊಂದರೆ ಆಗಿರಬಹುದು ಅಂತ ಈ ಸಲ ಮೂರು ತಿಂಗಳದ್ದು ಕೇಳಿ ತಂದಿದ್ದೇನೆ" ಅಂದಳು. ಗುಳಿಗೆಯ ಪಟ್ಟಿಗಳನ್ನೆಲ್ಲ ಬೇಲಿಯ ಮೇಲಿಂದ ಎರಡೂ ಕೈಯಲ್ಲಿ ನನಗೆ ಕೊಟ್ಟಳು. ಅವಳ ಸೆರಗಿನಲ್ಲಿ ಹಾಲಿನ ಕಲೆ ಇತ್ತು. ಕೂಸನ್ನು ಎಲ್ಲೋ ಬಿಟ್ಟು ಗುಡ್ಡ ಹತ್ತಿ ಬಂದಿದ್ದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಹೇಳಬೇಕಿತ್ತು. ಅವತ್ತು ನನ್ನಿಂದಾಗಲಿಲ್ಲ. ಬುಟ್ಟಿಯಿಂದ ಎಳೆಯ ಹೀರೆಕಾಯಿಗಳನ್ನು ಆರಿಸಿ ಅವಳ ಚೀಲಕ್ಕೆ ಹಾಕಿದೆ. "ಬಾಣಂತಿಗೆ ಚಲೋ, ತಿನ್ರಿ. ಅಕ್ಕನ ಕಾಯಿ" ಅಂದೆ. "ಈಗಲೇ ಹೀರೆಕಾಯಾ! ದೊಡ್ಡಮ್ಮನಿಗೆ ನಾನು ಕೇಳಿದೆ ಅಂತ ಹೇಳಿ" ಅನ್ನುತ್ತಾ ಅವಳು ಪಕ್ಕದ ಮನೆಯ ಕಡೆ ನಡೆದಳು. ಅಲ್ಲಿ ಆ ಅಜ್ಜಿ ಹೇಳುತ್ತಾಳೆ, ನನಗೆ ಗೊತ್ತಿತ್ತು.

ಒಳಗೆ ಬಂದು ಅಕ್ಕನ ಡಬ್ಬಿ ತೆಗೆದೆ. ಗುಳಿಗೆಗಳನ್ನು ಹಾಕಿದೆ, ಡಬ್ಬಿ ತುಂಬಿ ಮುಚ್ಚಳವೇ ಕೂರಲಿಲ್ಲ. ಆಚೆಯ ಜಗುಲಿಯಿಂದ ನರ್ಸಮ್ಮ "ಅಯ್ಯೋ ದೇವರೇ" ಅಂದದ್ದು ಕೇಳಿಸಿತು.

"ಗುಳಿಗಿ ಹೆಚ್ಚ್ಯಾವ ಅಕ್ಕಾ" ಅಂದೆ. "ಖರೇನs ಹೆಚ್ಚ್ಯಾವ."